ಎರಡು ಸುರಂಗ, ಒಂದೇ ಬಿರಡೆ

ಬೂದಿಕೋಟೆಯ ಆದಿನಾರಾಯಣಪ್ಪನವರು ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮರದ ಅಚ್ಚು ಮಾಡಿದರು. ಕಬ್ಬಿಣದ ಎರಕ ಹೊಯ್ಯುವ ಮೊದಲು ಆ ಭಾಗದ ರೂಪವನ್ನು ಮರದಲ್ಲಿ ಕಡೆದು ಕೊಡಬೇಕು. ಆ ಮರ ಮರಳಿನಲ್ಲಿ ಒತ್ತಿಟ್ಟ ಗುಳಿಗೆ ಲೋಹ ಇಳಿಯುತ್ತದೆ. ಅಚ್ಚು ಕೂದಲೆಳೆಯಷ್ಟು ತಪ್ಪಿದರೆ ನೂರು ಎರಕವೂ ತಪ್ಪು. ಹೀಗಾಗಿ ಅವರಿಗೊಂದು ಅಭ್ಯಾಸ ಬೆಳೆದಿತ್ತು. ತೂತು ಕೊರೆಯುವ ಮೊದಲೇ ಅದಕ್ಕೆ ಹಿಡಿಯಬೇಕಾದ ಬಿರಡೆಯನ್ನು ಕಡೆದಿಟ್ಟುಕೊಳ್ಳುತ್ತಿದ್ದರು. ಬಿರಡೆ ಸರಾಗವಾಗಿ ಇಳಿದು ಅಲುಗಾಡದೆ ಕೂತರೆ ತೂತು ಸರಿ. “ಕಣ್ಣು ಲಂಚ ತಿಂತದೆ, ಬಿರಡೆ ತಿನ್ನಲ್ಲ” ಎಂದು ಕೆಲಸ ಕಲಿಯಲು ಬಂದವರಿಗೆ ಹೇಳುತ್ತಿದ್ದರು.

ಸಿಮೆಂಟಿನ ನೆಲದ ಮೇಲೆ ದಿನವಿಡೀ ನಿಂತು ಅವರ ಮೊಣಕಾಲು ಕೆಟ್ಟವು. ಪಕ್ಕದ ಮೇಜಿನ ಕುಪ್ಪುಸ್ವಾಮಿ ಒಂದು ಬೆಳಗ್ಗೆ ಅಂಗಿಯ ಜೇಬಿನಿಂದ ಮಾತ್ರೆ ತೆಗೆದು, ಇದನ್ನು ನುಂಗಿ ಟೀ ಕುಡಿ, ಕಾಲು ಇರುವುದೇ ಮರೆತುಹೋಗುತ್ತದೆ ಎಂದ. ನಿಜವಾಗಿಯೂ ಮರೆತುಹೋಯಿತು. ಅಂದಿನಿಂದ ಬೆಳಗ್ಗೆ ಬರಿಹೊಟ್ಟೆಗೆ ಒಂದು, ಸಂಜೆಗೆ ಒಂದು. ಹನ್ನೊಂದು ವರ್ಷವಾಯಿತು. ಇವರು ನಿವೃತ್ತರಾಗಿ ಬಂಗಾರಪೇಟೆಯ ಮನೆಯ ಹಿಂದೆ ಮರಗೆಲಸದ ಶೆಡ್ಡು ಹಾಕಿಕೊಂಡರು, ಮಾತ್ರೆ ನಿವೃತ್ತವಾಗಲಿಲ್ಲ. ಔಷಧಿ ಅಂಗಡಿಯವನು ಇವರನ್ನು ಕಂಡೊಡನೆ ಒಂದು ಪಟ್ಟಿ ಮಾತ್ರೆ ಕೊಡುತ್ತಿದ್ದ. ಹೆಂಡತಿ ತಾಯಮ್ಮನಿಗೆ ಗೊತ್ತಿದ್ದುದು ‘ನೋವು ಜಾಸ್ತಿಯಾದಾಗ ಒಂದು’ ಎಂಬಷ್ಟೇ. ನಿಜ ಗೊತ್ತಾದರೆ ಆಕೆ ಶೆಡ್ಡಿಗೆ ಬೀಗ ಹಾಕುತ್ತಾಳೆಂಬ ಭಯ ಅವರಿಗಿತ್ತು.

ಈಚಿನ ಎರಡು ತಿಂಗಳಿಂದ ರೈಲು ನಿಲ್ದಾಣದ ಮೇಲ್ಸೇತುವೆ ಹತ್ತುವಾಗ ಅವರಿಗೆ ಏದುಸಿರು ಬರುತ್ತಿತ್ತು. ಉಗುರುಗಳು ಬಿಳಿಚಿದ್ದವು. ಬೆಳಗಿನ ವಿಸರ್ಜನೆ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿತ್ತು. ಒಮ್ಮೆ ಆ ಸಂಗತಿ ಹೆಂಡತಿಯ ಮುಂದೆ ಬಾಯಿತಪ್ಪಿ ಬಂದಾಗ ತಾವೇ ನಕ್ಕು ತೇಲಿಸಿದ್ದರು: “ಎರಡೊತ್ತೂ ರಾಗಿಮುದ್ದೆ ತಿನ್ನೋನ್ದು ಕಪ್ಪಗಿರ್ದೆ ಮಲ್ಲಿಗೆ ಊವಿನಂಗಿರ್ತದಾ?” ತಾಯಮ್ಮನೂ ನಕ್ಕಳು. ರಾಗಿ ಉಣ್ಣುವ ಸೀಮೆಯಲ್ಲಿ ಕಪ್ಪನ್ನು ಅನುಮಾನಿಸುವವರು ಯಾರು?

ಆಗ ಬಂದವಳು ಮಧುಶ್ರೀ. ಕಾರ್ಖಾನೆಯ ಗೆಳೆಯ ವಿಶ್ವನಾಥನ ಮಗಳು, ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕಿ. ವಿಜ್ಞಾನ ಪ್ರದರ್ಶನಕ್ಕೆ ಆಕೆಗೊಂದು ಮರದ ಮಾದರಿ ಬೇಕಾಗಿತ್ತು. ನಮ್ಮ ಜೀವಕೋಶದ ಪೊರೆಗೆ ಅಂಟಿಕೊಂಡಿರುವ ಒಂದು ಕಿಣ್ವ. ನೋವಿನ ಮಾತ್ರೆ ಹೋಗಿ ತಾಗುವುದು ಅದಕ್ಕೇ ಎಂದಳು. ಅದರ ಅಡ್ಡಸೀಳಿನ ಚಿತ್ರಗಳನ್ನು ಐದು ಕೋಟಿ ಪಟ್ಟು ಹಿಗ್ಗಿಸಿ ಹಾಳೆಗಳ ಮೇಲೆ ತಂದಿದ್ದಳು.

ಆದಿನಾರಾಯಣಪ್ಪನವರು ಚಿತ್ರಗಳನ್ನು ಒಂದು ದಿನವಿಡೀ ನೋಡಿದರು. ಒಂದೇ ತೆರನ ಎರಡು ಹೋಳು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಯಾಗಿ ನಿಂತಿದ್ದವು. ಪೊರೆಗೆ ಎರಡು ಪದರ. ಜೋಡಿಯ ಪಾದ ಮೇಲಿನ ಪದರದಲ್ಲಿ ಮಾತ್ರ ಹುದುಗಿತ್ತು. ಪಾದದಲ್ಲೇ ಒಂದು ಬಾಯಿ. ಅಲ್ಲಿಂದ ಐದು ಅಂಗುಲದ ಸುರಂಗವೊಂದು ಹೋಳಿನ ಒಡಲ ನಡುವಿಗೆ ಏರುತ್ತಿತ್ತು. ಪೊರೆಯ ಕೊಬ್ಬಿನ ಎಳೆ ಆ ಸುರಂಗ ಹತ್ತಿ ಒಳಗೆ ರೂಪ ಬದಲಿಸಿ ಹೊರಬಂದರೆ ಊತ, ನೋವು. ಮಾತ್ರೆ ಹೋಗಿ ಸುರಂಗದ ಕೊರಳಲ್ಲಿ ಬಿರಡೆಯಂತೆ ಕೂತರೆ ನೋವಿಲ್ಲ. ಚಿನ್ನದ ಗಣಿಯ ಊರಿನಲ್ಲಿ ದುಡಿದವರಿಗೆ ಸುರಂಗ ಅರ್ಥವಾಗದೆ ಇರುತ್ತದೆಯೇ? ತೆಳುವಾದ ತೇಗದ ಹಲಗೆಗಳನ್ನು ಚಿತ್ರದಂತೆ ಕೊಯ್ದು, ಒಂದರ ಮೇಲೊಂದು ಅಂಟಿಸಿ, ಉಳಿಯಿಂದ ನಯಗೊಳಿಸಿದರು.

ಈ ಕಿಣ್ವದಲ್ಲಿ ಎರಡು ಬಗೆಯಿತ್ತು. ಮಧುಶ್ರೀ ಎರಡನ್ನೂ ಕೇಳಿದ್ದಳು. ಎರಡನೆಯದರ ಸುರಂಗದ ಗೋಡೆಯಲ್ಲಿ ಒಂದು ಸಣ್ಣ ಗೂಡು ಇದ್ದುದೊಂದೇ ಗಮನಕ್ಕೆ ಬರುವ ವ್ಯತ್ಯಾಸ. ನೋವೆದ್ದಲ್ಲಿ ಎಚ್ಚರಗೊಳ್ಳುವುದು ಇದೇ ಎಂದು ಆಕೆ ಹೇಳಿದ್ದಳು. ಮೊದಲನೆಯದರ ಕೆಲಸವೇನೆಂದು ಇವರು ಕೇಳಿರಲಿಲ್ಲ.

ಅವಳು ನೋಡಲು ಬಂದ ದಿನ ಇವರು ಚಿತ್ರದಲ್ಲಿದ್ದ ಮಾತ್ರೆಯ ಅಳತೆಗೆ ಮೊದಲೇ ಕಡೆದಿಟ್ಟಿದ್ದ ಹಲಸಿನ ಮರದ ಬಿರಡೆಯನ್ನು ಎರಡನೆಯದಕ್ಕೆ ಇಳಿಸಿದರು. ಹಿಡಿಯಿತು. ಮೊದಲನೆಯದಕ್ಕೂ ಇಳಿಸಿದರು. ಅಷ್ಟೇ ಬಿಗಿಯಾಗಿ ಹಿಡಿಯಿತು.

“ಎರಡಕ್ಕೂ ಓಗ್ತದಲ್ಲಮ್ಮ,” ಎಂದರು. “ನಿನ್ ಡ್ರಾಯಿಂಗೇ ತಪ್ಪೇನೋ ನೋಡು.”

“ತಪ್ಪಿಲ್ಲ ಅಂಕಲ್, ಅದು ಇರೋದೇ ಹಾಗೆ. ಪೇಟೇಲಿ ಸಿಗೋ ಸಾಮಾನ್ಯ ಮಾತ್ರೆಗೆ ಇದು ಬೇರೆ, ಅದು ಬೇರೆ ಅಂತ ಗೊತ್ತಾಗಲ್ಲ.”

“ಈ ಮೊದಲನೇದನ್ನ ಮುಚ್ಚಿದ್ರೆ ಏನಾಯ್ತದೆ?”

ಆಕೆ ಪಾಠ ಹೇಳುವ ಉತ್ಸಾಹದಲ್ಲಿದ್ದಳು. ಮೊದಲನೆಯದು ಹೊಟ್ಟೆಯ ಒಳಗೋಡೆಗೆ ಕಾವಲು. ಅದರಿಂದಲೇ ಗೋಡೆಯ ಮೇಲೆ ಲೋಳೆಯ ಹೊದಿಕೆ ಉಳಿಯುತ್ತದೆ. ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಹೊಟ್ಟೆಯ ಆಮ್ಲ ತನ್ನ ಗೋಡೆಯನ್ನೇ ತಿನ್ನುತ್ತದೆ, ಹುಣ್ಣಾಗಿ ಒಳಗೇ ರಕ್ತ ಒಸರುತ್ತದೆ. “ಎಷ್ಟೋ ಜನಕ್ಕೆ ನೋವೇ ಗೊತ್ತಾಗಲ್ಲ ಅಂಕಲ್. ಮೋಷನ್ ಟಾರಿನ ಹಾಗೆ ಕಪ್ಪಗಾಗುತ್ತೆ, ಅಷ್ಟೆ.”

ಆದಿನಾರಾಯಣಪ್ಪನವರು ಮೊದಲನೆಯದರಿಂದ ಬಿರಡೆಯನ್ನು ಕಿತ್ತು ಮೇಜಿನ ಮೇಲಿಟ್ಟರು. ನಾಲ್ಕು ದಿನದಲ್ಲಿ ಬಣ್ಣ ಹಚ್ಚಿ ಕೊಡುತ್ತೇನೆಂದು ಆಕೆಯನ್ನು ಕಳುಹಿಸಿದರು. ತಮ್ಮ ವಿಷಯ ಹೇಳಲಿಲ್ಲ.

ರಾಗಿಯೋ ರಕ್ತವೋ, ತಾವೇ ಪರೀಕ್ಷಿಸಿ ತಿಳಿಯಬೇಕೆಂದುಕೊಂಡರು. ಅಚ್ಚು ಕೆಟ್ಟಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯದು. ಕಾರ್ಖಾನೆಯ ಈ ನಿಯಮ ಅವರ ರಕ್ತದಲ್ಲೇ ಇತ್ತು. ಮುದ್ದೆ ಬಿಟ್ಟು ಬರೀ ಅನ್ನ ಕೇಳಿದರು. ಮಾತ್ರೆಯನ್ನು ಮಾತ್ರ ಎಂದಿನಂತೆ ಎರಡು ಹೊತ್ತೂ ನುಂಗಿದರು. ಕೆಲಸ ಮುಗಿಯಲು ಮೊಣಕಾಲು ನಿಲ್ಲಬೇಕಲ್ಲ!

“ಏನು, ಸಾಹೇಬ್ರ ನಾಲ್ಗೆಗೆ ಮುದ್ದೆ ಒರಟಾಯ್ತಾ?” ಎಂದು ತಾಯಮ್ಮ ಹಂಗಿಸಿದಳು.

ಮೊದಲ ದಿನ ಕಪ್ಪಗೇ ಇತ್ತು. ಹಳೆಯ ರಾಗಿ ಎಂದುಕೊಂಡರು. ಎರಡನೆಯ ದಿನವೂ ಕಪ್ಪು. ಅಂದು ಬಣ್ಣ ಹಚ್ಚುತ್ತಿರುವಾಗ ಕಿವಿಯಲ್ಲಿ ಜೀರುಂಡೆಯಂಥ ಸದ್ದು ಶುರುವಾಯಿತು. ಮೂರನೆಯ ಬೆಳಗ್ಗೆ ನೋಡಿದರು. ನಾಲ್ಕು ಹೊತ್ತಿಗೂ ಹೆಚ್ಚು ಬಿಳಿಯ ಅನ್ನ ತಿಂದವರದು ಇನ್ನೂ ಕಪ್ಪಾಗಿತ್ತು. ಗೋಡೆ ಹಿಡಿದು ಹೊರಬಂದರು. ಅಂಗಳದ ಬಿಸಿಲು ಒಮ್ಮೆಗೇ ಬೂದುಬಣ್ಣಕ್ಕೆ ತಿರುಗಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

“ತಾಯಮ್ಮ, ನಾನು ದಿನಾ ಎರಡು ನುಂಗ್ತಿದ್ದೆ. ಅನ್ನೊಂದು ವರ್ಸದಿಂದ. ಒಳಗೆ ರಕ್ತ ಓಗ್ತೈತೆ.”

ಆಕೆ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೀದಿಗೆ ಹೋಗಿ ಆಟೋ ನಿಲ್ಲಿಸಿದಳು.

ಕೋಲಾರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹದಿಮೂರಿರಬೇಕಾದ ಹಿಮೋಗ್ಲೋಬಿನ್ ಆರಕ್ಕಿಳಿದಿತ್ತು. ಗಂಟಲಿನಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರು ಒಂದು ಹುಣ್ಣಿಗೆ ಕ್ಲಿಪ್ಪು ಹಾಕಿದರು. ಇನ್ನೊಂದು ಆಳವಾಗಿದೆ, ಅದರ ತಳದಲ್ಲೇ ರಕ್ತನಾಳವಿದೆ, ಮೂರು ದಿನ ಕಳೆಯದೆ ಏನನ್ನೂ ಹೇಳಲಾರೆ ಎಂದರು. ಮುದ್ದೆ ಬಿಟ್ಟು ಮಾತ್ರೆ ಉಳಿಸಿಕೊಂಡ ಪರೀಕ್ಷೆಯ ಕಥೆ ಕೇಳಿ ತಲೆ ತಗ್ಗಿಸಿಕೊಂಡು ಬರೆದುಕೊಂಡರು.

ಎರಡು ಬಾಟಲಿ ರಕ್ತ ಏರಿತು. ಮಾತ್ರೆಯ ಪ್ರಭಾವ ಇಳಿದಂತೆ ಮೊಣಕಾಲು ಎಚ್ಚರಗೊಂಡವು. ಹನ್ನೊಂದು ವರ್ಷ ಮುಚ್ಚಿಟ್ಟಿದ್ದ ನೋವು ಒಂದೇ ಮಧ್ಯಾಹ್ನ ಒಟ್ಟಿಗೆ ಬಂದಂತಾಯಿತು. ಟವಲಿನ ಅಂಚು ಕಚ್ಚಿಕೊಂಡು ಮಲಗಿದರು. ತಾಯಮ್ಮ ಎದ್ದು, ನರ್ಸಮ್ಮನನ್ನು ಕೇಳಿ ಏನಾದರೂ ತರುತ್ತೇನೆ ಎಂದಳು.

ಅವರು ಆಕೆಯ ಮುಂಗೈ ಹಿಡಿದು ಕೂರಿಸಿದರು.

“ಬ್ಯಾಡ. ಇಲ್ಲೇ ಕುಂತ್ಕೊ. ನೋಯ್ಲಿ.”