ಬೇಕು ಅಂದವಳೇ ಬೇಡ ಅಂದಳು

ಅವಳ ಹೆಬ್ಬೆರಳಿನ ಉಗುರು ಯಾವಾಗಲೂ ಮುರಿದಿರುತ್ತಿತ್ತು. ಕಂಪ್ಯೂಟರಿನ ಸ್ಕ್ರೂ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಉಗುರಿನಲ್ಲೇ ತಿರುಗಿಸುತ್ತಿದ್ದಳು.

ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವಳು, ಧಾರವಾಡದ ಕಡೆಯ ಹುಡುಗಿ. ಎಂಬತ್ತರ ದಶಕದ ಕೊನೆ. ಅವಳು ಆಫೀಸಿಗೆ ಹೋದರೆ ಮಗು ನನ್ನ ಹತ್ತಿರ. ಅವಳಿಗೆ ಅಡುಗೆ ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. ಸಂಜೆ ಮಗುವನ್ನು ಕರೆದೊಯ್ಯಲು ಬಂದವಳು ಆಫೀಸಿನ ಜಗಳವನ್ನೆಲ್ಲ ನನ್ನ ಅಡುಗೆಮನೆಯಲ್ಲಿ ಸುರಿಯುತ್ತಿದ್ದಳು.

ಆಗಿನ ಜಗಳ ಈ-ಮೇಲ್‌ನದು. ಮೇಲ್ ಬರುವ ಕಂಪ್ಯೂಟರ್ ಕೆಟ್ಟು ಕೂತರೆ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳಲು ಇನ್ನೊಂದು ಬೇಕು, ಅದಕ್ಕೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು ಎಂದು ಅವಳ ಹಟ. ಆಫೀಸಿನ ಲೆಕ್ಕ ಮಾಡುವ ಕಂಪ್ಯೂಟರೇ ಸಾಕು, ಎರಡೂ ಕೆಲಸ ಮಾಡುತ್ತದೆ ಎಂದು ಬಾಸು.

"ಅಜ್ಜಿ, ಮನ್ಯಾಗ ಹೆಪ್ಪಿನ ಮೊಸರು ಬ್ಯಾರೆ ಎತ್ತಿ ಇಡ್ತೀರಲ್ಲ, ಹಂಗ" ಎಂದು ನನಗೆ ತಿಳಿಸಲು ಬಂದಳು.

"ಮೊಸರಿನ ಕತೆ ಬೇಡ, ನೇರ ಹೇಳು. ನಾನೇನು ಮಗುವಾ?" ಅಂದೆ. ನಕ್ಕಳು. ನೇರ ಹೇಳಿದಳು. ಅರ್ಥವಾಯಿತು.

ಎರಡು ತಿಂಗಳು ಕಾದಾಡಿ ಗೆದ್ದಳು. ಹೊಸ ಕಂಪ್ಯೂಟರಿಗೆ ಆರ್ಡರ್ ಹೋಯಿತು. ಅದು ಬರುವುದರೊಳಗೆ ಒಂದು ಶನಿವಾರ ಆಫೀಸಿಗೆ ಹೋಗಿ ಮೇಲ್ ಕಂಪ್ಯೂಟರನ್ನು ಬೇಕೆಂದೇ ಆಫ್ ಮಾಡಿದಳು. ಲೆಕ್ಕದ್ದಕ್ಕೆ ತಿಂಗಳ ಕೊನೆಯ ಕೆಲಸವನ್ನೆಲ್ಲ ಹಚ್ಚಿ, ಅದು ಎಲ್ಲಿ ಸೋಲುತ್ತದೆ ಎಂದು ನೋಡುವ ಆಸೆ. ಅದು ಸೋಲಲಿಲ್ಲ. ಲೆಕ್ಕವನ್ನೂ ಮಾಡಿತು, ಬಂದ ಮೇಲನ್ನೂ ಹಿಡಿದಿಟ್ಟು ಒಂದೂ ಬಿಡದೆ ಒಪ್ಪಿಸಿತು.

ಬಂದು ಹೇಳಿದಾಗ ಮುಖ ಸಪ್ಪಗಿತ್ತು. ಅವಳ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಬೇಕಾದವನು ಅದೇ ಬಾಸು.

"ಬಾಯಿ ಮುಚ್ಕೊಂಡಿರು. ಕಂಪ್ಯೂಟರ್ ಬರಲಿ, ಮೂಲೇಲಿ ಬಿದ್ದಿರಲಿ. ಯಾರಿಗೆ ಗೊತ್ತಾಗುತ್ತೆ?" ಅಂದೆ. ಈಗಲೂ ಅದನ್ನೇ ಹೇಳುತ್ತೇನೆ.

"ನನಗ ಗೊತ್ತಾತಲ್ರಿ ಅಜ್ಜಿ" ಅಂದಳು.

ಭಾನುವಾರ ಬಾಸು ಅವಳ ಮನೆಗೆ ಊಟಕ್ಕೆ ಬಂದ. ಮೈಸೂರಿನವನು. ಅಡುಗೆ ನನ್ನದು. ಅವನು ಮೊದಲ ತುತ್ತು ಬಾಯಿಗಿಡುವ ಮೊದಲೇ ಎಲ್ಲ ಹೇಳಿಬಿಟ್ಟಳು.

"ಏನಮ್ಮಾ ಇದು, ಬೇಕು ಬೇಕು ಅಂತ ಎರಡು ತಿಂಗಳು ನನ್ನ ಪ್ರಾಣ ತಿಂದ್ಯಲ್ಲಾ!"

"ಹೌದ್ರಿ. ಬ್ಯಾಡ ಅನ್ನಾಕೂ ನಾನ ಬಂದೇನ್ರಿ. ಆರ್ಡರ್ ಕ್ಯಾನ್ಸಲ್ ಮಾಡ್ರಿ. ನಂದ ತಪ್ಪಾಗಿತ್ತು."

ಅವನು ಬೇಗ ಬೇಗ ಉಂಡು ಎದ್ದ. ಹುಡುಗಿ ಗಂಟುಮೂಟೆ ಕಟ್ಟಿದ ಹಾಗೇ ಅಂದುಕೊಂಡೆ. ಕೈ ತೊಳೆದು ಬಂದವನು, "ಇನ್ಮೇಲೆ ಆ ಮೆಷಿನ್ ಜವಾಬ್ದಾರಿ ಎಲ್ಲಾ ನಿಂದೇ ಕಣಮ್ಮ. ಬೇಕು ಅಂದ್ರೂ ಸರಿ, ಬೇಡ ಅಂದ್ರೂ ಸರಿ, ಯಾಕೆ ಅಂತ ನಾನು ಕೇಳಲ್ಲ" ಅಂದ. ಅರ್ಜಿಗೂ ಸಹಿ ಹಾಕಿದ.

ಅವಳು ಸತ್ತು ಕೆಲವು ವರ್ಷವಾಯಿತು. ಕ್ಯಾನ್ಸರು. ಅಂತ್ಯಕ್ರಿಯೆಗೆ ಆಫೀಸಿನವರು ತುಂಬಾ ಜನ ಬಂದಿದ್ದರು, ಬಿಳಿಯರೂ. ಒಬ್ಬೊಬ್ಬರ ಹತ್ತಿರ ಹೋಗಿ, ಇವಳು ನಮ್ಮ ಎದುರುಮನೆಯವಳು ಎಂದು ಕನ್ನಡದಲ್ಲೇ ಹೇಳಿದೆ. ನೀವು ಯಾರು ಎಂದು ಯಾರೂ ಕೇಳಿರಲಿಲ್ಲ.