ಅನುಮತಿ ಕೊಟ್ಟವಳು ನಾನೇ

ವಸಂತ್ ಅವರೇ, ಆ ದಿನ ಊಟದ ವ್ಯಾನ್‌ಗಳನ್ನು ನಿಲ್ಲಿಸಲು ನಿಮಗೆ ಅನುಮತಿ ಕೊಟ್ಟವಳು ನಾನೇ. ಆಮೇಲೆ ಎಲ್ಲರೆದುರು ಇಲ್ಲವೆಂದವಳೂ ನಾನೇ. ಮರೆತಲ್ಲ — ಬೇಕೆಂದೇ.

ಅಮೆರಿಕಕ್ಕೆ ಬಂದ ಹೊಸದರಲ್ಲಿ, ವರ್ಜೀನಿಯಾದ ರೆಸ್ಟನ್‌ನ ಆಫೀಸಿನಲ್ಲಿ ನೀವು ನನ್ನ ಮ್ಯಾನೇಜರ್ ಆಗಿದ್ದಿರಿ. ಗರ್ಭಪಾತವಾಗಿ ನಾನು ಕೆಲಸಕ್ಕೆ ಮರಳಿದ ವಾರ, ಮೀಟಿಂಗ್‌ನಲ್ಲಿ ಕಣ್ಣೊರೆಸಿಕೊಂಡಾಗ ನೀವೆಂದಿರಿ: "ಅಳೋದಿದ್ರೆ ಮನೇಲಿ ಅತ್ಕೊಂಡು ಬನ್ನಿ. ಇಲ್ಲಿ ಕ್ಲೈಂಟ್ ಕಾಯ್ತಿದ್ದಾರೆ." ಯಾರೋ ನಕ್ಕರು. ನನ್ನ ವೀಸಾ ನಿಮ್ಮ ಕೈಯಲ್ಲಿತ್ತು; ಬಾಯಿ ಮುಚ್ಚಿಕೊಂಡೆ. ಆದರೆ ಆ ಮಾತನ್ನು — ಸಾಕಿಕೊಂಡೆ.

ಮುಂದೆ ಪಕ್ಕದ ಮೇರಿಲ್ಯಾಂಡ್‌ನ ಒಂದು ಕೌಂಟಿ ಕಚೇರಿಯಲ್ಲಿ, ಅಂದರೆ ಅಲ್ಲಿನ ಜಿಲ್ಲಾಡಳಿತದಲ್ಲಿ, ಗುತ್ತಿಗೆದಾರರನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು. ಒಂಟಿಯಾಗಿರುವ ವೃದ್ಧರಿಗೆ ಮಧ್ಯಾಹ್ನದ ಊಟ ತಲುಪಿಸುವ ಗುತ್ತಿಗೆ ಹಿಡಿದು, ಹಳೆಯ ಕೆಲಸ ಬಿಟ್ಟು ಸ್ವಂತ ಉದ್ಯಮ ಶುರುಮಾಡಿದ್ದ ನೀವೇ ಬಂದಿರಿ. "ಅಯ್ಯೋ, ನೀವಾ! ನಮ್ಮವರೇ ಇದ್ದೀರಲ್ಲ, ಇನ್ನೇನ್ ಟೆನ್ಶನ್!" ನಿಮಗೆ ಏನೂ ನೆನಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ರಸ್ತೆಯೆಲ್ಲ ಹಿಮಗಟ್ಟಿದ ಬೆಳಿಗ್ಗೆ ನೀವು ಫೋನ್ ಮಾಡಿದಿರಿ. "ಡ್ರೈವರ್ಸ್‌ನ ಕಳಿಸೋಕೆ ಭಯ ಆಗ್ತಿದೆ ಮೇಡಂ. ಇವತ್ತು ಕ್ಯಾನ್ಸಲ್ ಮಾಡ್ಲಾ?"

"ಮಾಡಿ. ನಾನು ಎಲ್ಲರಿಗೂ ತಿಳಿಸ್ತೀನಿ."

ಯಾರಿಗೂ ತಿಳಿಸಲಿಲ್ಲ. ವೃದ್ಧರು ಕಾದರು. ಒಬ್ಬ ಅಜ್ಜಿ ಕಚೇರಿಗೆ ಮತ್ತೆ ಮತ್ತೆ ಕರೆ ಮಾಡಿ, ಬಾಗಿಲ ಬಳಿಯೇ ಕುಳಿತಿದ್ದೇನೆ, ಊಟ ಬರುತ್ತದೆಯೇ ಎಂದು ವಾಯ್ಸ್‌ಮೇಲ್‌ನಲ್ಲಿ ಕೇಳಿದಳು. ಫೋನ್ ನನ್ನ ಮೇಜಿನ ಮೇಲೇ ಹೊಡೆದುಕೊಳ್ಳುತ್ತಿತ್ತು. ನಾನು ಎತ್ತಲಿಲ್ಲ — ದೂರುಗಳು ಕೂಡಲಿ ಎಂದು.

ವಿಚಾರಣೆಯಲ್ಲಿ ನಮ್ಮ ಡೈರೆಕ್ಟರ್ ಯಾರು ಅನುಮತಿ ಕೊಟ್ಟಿದ್ದೆಂದು ಕೇಳಿದರು. ನೀವು ನನ್ನ ಹೆಸರು ಹೇಳಿ, ನಂಬಿಕೆಯಿಂದ ನನ್ನ ಕಡೆ ತಿರುಗಿದಿರಿ. "ಇವರು ನನ್ನನ್ನು ಕೇಳಲೇ ಇಲ್ಲ" ಎಂದೆ. ನಿಮ್ಮ ಮುಖ ಬಿಳಿಚಿಕೊಂಡಿತು. ಗುತ್ತಿಗೆ ರದ್ದಾಯಿತು, ಡ್ರೈವರ್‌ಗಳ ಕೆಲಸ ಹೋಯಿತು. ನಾನು ಕಾರಿನಲ್ಲಿ ಕುಳಿತು ನಕ್ಕೆ. ಹೌದು, ಖುಷಿಯಾಗಿತ್ತು — ಹಬ್ಬದೂಟ ಉಂಡಷ್ಟು.

ಮೊನ್ನೆ ಗೆಳೆಯರ ಗೃಹಪ್ರವೇಶದಲ್ಲಿ ನೀವು ಸಿಕ್ಕಿದಿರಿ. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಹತ್ತಿರ ಬಂದು, "ಅವತ್ತು ಸುಮ್ನೆ ನಿಮ್ಮ ಹೆಸರು ತಂದೆ. ನಾನೇ ಏನೋ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು. ಸಾರಿ ಮೇಡಂ" ಎಂದಿರಿ. ಪಕ್ಕದಲ್ಲಿದ್ದ ನಿಮ್ಮ ಹೆಂಡತಿ ಸಣ್ಣ ದನಿಯಲ್ಲಿ, "ಇವ್ರು ಈಗ ಯಾವ ಮಾತನ್ನೂ ಎರಡೆರಡು ಸಲ ಕೇಳ್ತಾರೆ" ಎಂದರು.

ನಿಮ್ಮ ಕೆಲಸವನ್ನು ಕಸಿಯಬೇಕೆಂದಿದ್ದೆ. ನಿಮ್ಮ ಕಿವಿಯ ಮೇಲಿನ ನಂಬಿಕೆಯನ್ನೇ ಕಸಿದಿದ್ದೆ.

ಸೋಮವಾರ ಡೈರೆಕ್ಟರ್ ಮುಂದೆ ಇದನ್ನೆಲ್ಲ ಹೇಳುತ್ತೇನೆ. ನನ್ನ ಕೆಲಸ ಹೋಗಬಹುದು; ಹೋಗಲಿ. ರೆಸ್ಟನ್‌ನ ಮಾತಿಗೆ ನಿಮ್ಮನ್ನು ಇನ್ನೂ ಕ್ಷಮಿಸಲಾಗಿಲ್ಲ — ಸುಳ್ಳೇಕೆ ಹೇಳಲಿ. ಆದರೆ ನಿಮ್ಮ ಕ್ಷಮೆಯನ್ನು ನಾನು ಸ್ವೀಕರಿಸಲಾರೆ. ಕೇಳಬೇಕಾದವಳು ನಾನು.