ಎಲೆ ಹಾಕಿಕೊಂಡು ಮಾಡಿದ ಸಂಧಿ

ಒಂದು ಸೈನ್ಯ ಎಷ್ಟು ದೊಡ್ಡದಿರುತ್ತದೆ ಎಂದು ಯಾರಾದರೂ ಕೇಳಿದರೆ, ಹುಣಸೆಬೀಜದಷ್ಟು ಎಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ. ದಿಂಡಿಗಲ್ಲಿನಲ್ಲಿ ಪಶುವೈದ್ಯೆಯಾಗಿರುವ ನನ್ನ ಮಗಳು ಕವಿತಾಳ ಹತ್ತಿರ ರಾಜ್ಯ ಗೆಲ್ಲುವ ಆಟವೊಂದಿದೆ. ಅದರ ಪೆಟ್ಟಿಗೆಯಲ್ಲಿದ್ದ ಮರದ ಸೈನ್ಯಗಳಲ್ಲಿ ನಾಲ್ಕೈದು ಕಳೆದುಹೋಗಿ, ಅವುಗಳ ಜಾಗಕ್ಕೆ ಅಡುಗೆಮನೆಯ ಹುಣಸೆಬೀಜಗಳು ನೇಮಕಗೊಂಡಿವೆ. ಮೂವತ್ತು ವರ್ಷ ತೇನಿಯ ಶಾಲೆಯೊಂದರಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ನನಗೆ, ಅಕ್ಷೌಹಿಣಿಗಳನ್ನೆಲ್ಲ ಹೀಗೆ ಅಂಗೈಯಲ್ಲಿ ಹಿಡಿದು ಕುಲುಕುವ ಅಧಿಕಾರ ಈ ವಯಸ್ಸಿನಲ್ಲಿ ದೊರಕಿದ್ದು ಕಡಿಮೆ ಹೆಮ್ಮೆಯ ಸಂಗತಿಯೇನಲ್ಲ.

ಈ ಆಟದಲ್ಲಿ ದಾಳವಿಲ್ಲ. ಆದ್ದರಿಂದ ಸೋತವನಿಗೆ ಅದೃಷ್ಟವನ್ನು ಬೈಯುವ ಸೌಲಭ್ಯವೂ ಇಲ್ಲ. ಐದು ಜನ, ಐದು ರಾಜ್ಯ, ಒಂದು ನಕ್ಷೆ. ಒಂಟಿ ಸೈನ್ಯ ಇನ್ನೊಂದು ಒಂಟಿ ಸೈನ್ಯವನ್ನು ಎಂದೂ ಸೋಲಿಸಲಾರದು, ಪಕ್ಕದವರ ಬೆಂಬಲ ಬೇಕೇ ಬೇಕು. ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ ಹದಿನೈದು ನಿಮಿಷ ಇಬ್ಬಿಬ್ಬರಾಗಿ ಮೂಲೆ ಸೇರಿ ಗುಸುಗುಸು ಮಾತಾಡಬಹುದು; ಆಮೇಲೆ ತಂತಮ್ಮ ನಡೆಯನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಎಲ್ಲರ ಚೀಟಿಯನ್ನೂ ಒಟ್ಟಿಗೆ ಬಿಚ್ಚಬೇಕು. ಆಡಿದ ಮಾತಿಗೂ ಬರೆದ ಚೀಟಿಗೂ ಸಂಬಂಧ ಇರಲೇಬೇಕೆಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ. ವ್ಯಾಕರಣದ ಸಂಧಿಯಲ್ಲಿ ಲೋಪ, ಆಗಮ, ಆದೇಶಗಳಿರುವ ಹಾಗೆ ರಾಜರ ಸಂಧಿಯಲ್ಲೂ ಇರುತ್ತವೆಂದು ತಿಳಿದವರು ಹೇಳಬಹುದು. ಮೊದಲು ನಗುಮುಖದ ಆಗಮ, ಕೊನೆಗೆ ಮಾತಿನ ಲೋಪ. ಇದನ್ನೆಲ್ಲ ಪಾಠ ಮಾಡಿದ್ದ ನಾನು ಹುಟ್ಟಾ ಮುತ್ಸದ್ದಿಯೆಂದು ನನ್ನನ್ನೇ ನಂಬಿಸಿಕೊಂಡಿದ್ದೆ.

ಇನ್ನು ನನ್ನ ಅಕ್ಕ ನಾಗಮ್ಮ. ಓಡೈಪಟ್ಟಿಯಲ್ಲಿ ದ್ರಾಕ್ಷಿ ತೋಟವನ್ನು ತಾನೊಬ್ಬಳೇ ನಡೆಸುವವಳು, ನನಗಿಂತ ಆರು ವರ್ಷ ಹಿರಿಯಳು. ನಮ್ಮ ಪೂರ್ವಿಕರು ಯಾವುದೋ ಕಾಲದಲ್ಲಿ ಕನ್ನಡವನ್ನು ಬಾಯಲ್ಲಿಟ್ಟುಕೊಂಡು ತಮಿಳು ಸೀಮೆಯ ಈ ಕಣಿವೆಗೆ ಬಂದವರು. ಆ ಕನ್ನಡ ಅಕ್ಕನ ಬಾಯಲ್ಲಿ ತಮಿಳಿನೊಂದಿಗೆ ಸುಖಸಂಸಾರ ಮಾಡಿಕೊಂಡಿದೆ, ನಿವೃತ್ತಿಯ ಮೇಲೆ ಅಕ್ಷರ ಕಲಿತ ನನ್ನ ಕೈಯಲ್ಲಿ ಮಾತ್ರ ಹೀಗೆ ಇಸ್ತ್ರಿ ಹಾಕಿಸಿಕೊಂಡು ನಿಲ್ಲುತ್ತದೆ. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವಾಗ ತಂದೆ ತನ್ನ ಮಾತಿಗೆ ತಾನೇ ಸಾಕ್ಷಿಯಾಗುವಂತಿಲ್ಲ. ಅವನ ಅಕ್ಕನೋ ತಂಗಿಯೋ ಗಂಡಿನವರ ಎದುರು ನಿಂತು, ‘ಇದು ನನ್ನ ಒಡಹುಟ್ಟಿದವನ ಮಾತು, ಇದಕ್ಕೆ ನಾನು ಜವಾಬು’ ಎಂದು ವೀಳ್ಯದೆಲೆಯ ತಟ್ಟೆಯನ್ನು ಕೊಡಬೇಕು. ನಮ್ಮ ದಾಯಾದಿಗಳಲ್ಲೂ ಅಕ್ಕನ ಕೈಯಿಂದಲೇ ಎಲೆ ದಾಟಬೇಕೆಂದು ಕಾಯುವವರಿದ್ದಾರೆ. ಒಂದು ಸಲ, ಹಂಚಿಕೆಯ ಬಾವಿಯಲ್ಲಿ ತನ್ನ ಸರದಿಯ ನೀರನ್ನು ಪಕ್ಕದ ತೋಟದವರಿಗೆ ಎಲೆ ಕೊಟ್ಟು ಬಿಟ್ಟವಳು, ತನ್ನ ಬಳ್ಳಿ ಕಣ್ಣೆದುರೇ ಬಾಡುತ್ತಿದ್ದರೂ ಎರಡು ದಿನ ಮೋಟಾರಿನ ಗುಂಡಿ ಮುಟ್ಟಲಿಲ್ಲ.

ಇಂಥವಳನ್ನು ಕವಿತಾ ಒಂದು ಭಾನುವಾರ ದಿಂಡಿಗಲ್ಲಿನ ತನ್ನ ಮನೆಯಲ್ಲಿ ಆಟಕ್ಕೆ ಕೂರಿಸಿದಳು. ಅವಳ ಜೊತೆ ಕೆಲಸ ಮಾಡುವ ಸೆಲ್ವಿ ಮತ್ತು ಕೆಳಮನೆಯ ನಿವೃತ್ತ ಅಂಚೆಯಣ್ಣ ಪೆರಿಯಸಾಮಿ ಉಳಿದಿಬ್ಬರು. ನನ್ನ ರಾಜ್ಯಕ್ಕೂ ಅಕ್ಕನ ರಾಜ್ಯಕ್ಕೂ ನಡುವೆ ಒಂದು ಕಣಿವೆ ದಾರಿ. ಅದಕ್ಕೆ ನಾವಿಬ್ಬರೂ ಸೈನ್ಯ ಇಳಿಸಬಾರದೆಂದು ಅಡುಗೆಮನೆಯ ಮೂಲೆಯಲ್ಲಿ ಒಪ್ಪಂದವಾಯಿತು. ಅಕ್ಕ ಸಂಚಿ ಬಿಚ್ಚಿ, ಎಳೆಯ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ ನನ್ನ ಕೈಗಿತ್ತಳು. ನಾನು ನಗುತ್ತ ಬಾಯಿಗೆ ಹಾಕಿಕೊಂಡೆ. ಅಲ್ಲಿಂದ ಅವಳು ಕಣಿವೆಯ ಕಡೆ ತಿರುಗಿಯೂ ನೋಡದೆ ತನ್ನ ಹುಣಸೆಬೀಜಗಳನ್ನೆಲ್ಲ ಸಮುದ್ರದ ದಿಕ್ಕಿಗೆ ಸಾಗಿಸಿದಳು. ಐದನೆಯ ಸುತ್ತಿನಲ್ಲಿ ನಾನು ಎರಡು ಸೈನ್ಯಗಳನ್ನು ಆ ಖಾಲಿ ಕಣಿವೆಯಲ್ಲಿ ನುಗ್ಗಿಸಿ ಅವಳ ರಾಜಧಾನಿ ಹಿಡಿದೆ. ಇನ್ನೆರಡು ಸುತ್ತಿನಲ್ಲಿ ಆಟವನ್ನೂ ಗೆದ್ದೆ. ಕುಳಿತಲ್ಲೇ ಮೀಸೆ ತಿರುವಿದ್ದು ನನಗೆ ಚೆನ್ನಾಗಿ ನೆನಪಿದೆ.

“ಎಲೆ ತಿಂದ್ಯಲ್ಲಾ, ತಂಬೀ,” ಎಂದಳು ಅಕ್ಕ.

“ಇದು ಆಟ, ಅಕ್ಕಾ.”

“ಆಟಂತ ತಾನೇ ನಾನೂ ಆಡ್ದೆ. ಎಲೆ ಆಟಲ್ಲ.”

ತೇನಿಗೆ ಮರಳುವ ಬಸ್ಸಿನಲ್ಲಿ ಅವಳು ಒಬ್ಬಳೇ ಎಲೆ ಹಾಕಿಕೊಂಡಳು. ಪಕ್ಕದಲ್ಲೇ ಇದ್ದ ನನಗೆ ಒಂದು ಚೂರು ಅಡಿಕೆಯನ್ನೂ ಕೊಡಲಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು, ಓಡೈಪಟ್ಟಿಯ ಕಡೆಯ ಬಸ್ಸು ಹತ್ತುವ ಮುನ್ನ ಹೇಳಿದಳು: “ಬರೋ ಮಾಸ ಕವಿತಾನ ನಿಚ್ಚಯಕ್ಕೆ ಪಳನಿ ಗಂಡಿನೋರು ಬತ್ತಾರೆ. ಎಲೆ ಕೊಡಕ್ಕೆ ಬೇರೆ ಯಾರ್ನಾದ್ರೂ ನೋಡ್ಕೊ. ನಿನ್ ಮಾತ್ಗೆ ನಾನ್ ಎಂಗಪ್ಪಾ ಜವಾಬು ಹೇಳ್ಲಿ?”

ನೀವೇ ಹೇಳಿ, ರಟ್ಟಿನ ಮೇಲಿನ ಒಂದು ಕಣಿವೆಗಾಗಿ ಮಗಳ ನಿಶ್ಚಿತಾರ್ಥವನ್ನೇ ಪಣಕ್ಕಿಟ್ಟ ಚಕ್ರವರ್ತಿ ಚರಿತ್ರೆಯಲ್ಲಿ ಇನ್ನೊಬ್ಬನಿದ್ದಾನೆಯೇ? ಕವಿತಾಳಿಗೆ ಹೇಳಿದರೆ ಅವಳು ಸಮಾಧಾನ ಮಾಡುವ ಬದಲು, ಮನೆಮಾತನ್ನು ಆಡಲು ಸಾಮಾನ್ಯವಾಗಿ ತಡವರಿಸುವವಳು ಅಂದು ಒಂದಿಷ್ಟೂ ತಡವರಿಸದೆ, “ಅತ್ತೆ ನಿಂತು ಎಲೆ ಕೊಡದಿದ್ರೆ ನಂಗೆ ನಿಚ್ಚಯಂ ಬ್ಯಾಡಪ್ಪಾ,” ಎಂದುಬಿಟ್ಟಳು. ನಾನು ತೋಟಕ್ಕೆ ಹೋಗಿ ಕ್ಷಮೆ ಕೇಳಿದೆ. ಸುಸಂಸ್ಕೃತ ಪದಗಳನ್ನೇ ಆರಿಸಿ ಕೇಳಿದೆ. ಅಕ್ಕ ದ್ರಾಕ್ಷಿ ಗೊಂಚಲಿನ ಒಣಗಿದ ಕಾಯಿಗಳನ್ನು ಕತ್ತರಿಯಿಂದ ತೆಗೆಯುತ್ತಲೇ ಇದ್ದಳು. “ಮಾತ್ಗೇನು ಕೊರೆ ತಂಬೀ ನಿಂಗೆ,” ಎಂದಳು, ಅಷ್ಟೆ.

ಮುಂದಿನ ಭಾನುವಾರ ಕವಿತಾ ಆಟದ ಪೆಟ್ಟಿಗೆ ಹಿಡಿದು, ಸೆಲ್ವಿಯನ್ನೂ ಪೆರಿಯಸಾಮಿಯವರನ್ನೂ ಕರೆದುಕೊಂಡು ಓಡೈಪಟ್ಟಿಗೆ ಬಂದಳು. ದ್ರಾಕ್ಷಿ ಚಪ್ಪರದ ಕೆಳಗೆ ಚಾಪೆ ಹಾಸಿ, ಹಿಂದಿನಂತೆಯೇ ರಾಜ್ಯ ಹಂಚಿದಳು. ಅಕ್ಕ ನನ್ನೊಡನೆ ಮಾತುಕತೆಗೆ ಏಳಲೇ ಇಲ್ಲ. ನಾನೇ ಅವಳ ಎದುರು ಹೋಗಿ ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದೆ: “ಕಣಿವೆಗೆ ಇಳಿಯಲ್ಲ ಅಕ್ಕಾ. ಎಲೆ ಕೊಡು.” ಅವಳು ನನ್ನ ಕೈಯನ್ನು ಎಷ್ಟು ಹೊತ್ತು ನೋಡಿದಳೆಂದರೆ, ಅರವತ್ತೆರಡು ವರ್ಷದ ನಾನು ಇನ್ನೊಂದು ಕೈಯನ್ನು ನೆಲಕ್ಕೆ ಊರಬೇಕಾಯಿತು. ಆಮೇಲೆ ಸಂಚಿ ಬಿಚ್ಚಿದಳು.

ನಾಲ್ಕನೆಯ ಸುತ್ತಿಗೆ ಕಣಿವೆ ಮತ್ತೆ ಖಾಲಿ. ಹೌದು, ಅದೇ ಮನುಷ್ಯನ ಮಾತು ನಂಬಿ ಅಕ್ಕ ಅದನ್ನು ಎರಡನೆಯ ಸಲವೂ ಖಾಲಿ ಬಿಟ್ಟಿದ್ದಳು! ಪಶ್ಚಿಮದಿಂದ ಪೆರಿಯಸಾಮಿ ನನ್ನ ಮೇಲೆ ಏರಿ ಬರುತ್ತಿದ್ದರು. ಸೆಲ್ವಿ ನನ್ನನ್ನು ಚಪ್ಪರದ ಕಂಬದ ಮರೆಗೆ ಕರೆದು, ಕಣಿವೆಗೆ ಇಳಿಯಿರಿ, ನಾನು ಬೆಂಬಲ ಕೊಡುತ್ತೇನೆ, ಗೆಲುವು ನಿಮ್ಮದೇ ಎಂದು ತಮಿಳಿನಲ್ಲಿ ಬಹು ಮಧುರವಾಗಿ ಹೇಳಿದಳು. ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟೆಲ್ಲ ಆದ ಮೇಲೂ ನನ್ನ ಮುತ್ಸದ್ದಿತನಕ್ಕೆ ಬಾಯಲ್ಲಿ ನೀರೂರಿತೆಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಚೀಟಿಯಲ್ಲಿ ‘ಇದ್ದಲ್ಲೇ ನಿಲ್ಲುವುದು’ ಎಂದು ಬರೆದೆ. ಮುಂದಿನ ಸುತ್ತಿನಲ್ಲೂ ಅದನ್ನೇ ಬರೆದೆ. ಪೆರಿಯಸಾಮಿ, ಮೂವತ್ತೈದು ವರ್ಷ ಕಾಗದ ಹಂಚಿದ ಅದೇ ಶ್ರದ್ಧೆಯಿಂದ, ನನ್ನ ಊರುಗಳನ್ನು ಒಂದೊಂದಾಗಿ ವಶಪಡಿಸಿಕೊಂಡರು. ಐವರಲ್ಲಿ ಐದನೆಯವನಾದೆ. ಗೆದ್ದವಳು ಸೆಲ್ವಿ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಳ್ಳಲು ನನಗೆ ಅಂದು ನೆಪವೇ ಬೇಕಾಗಲಿಲ್ಲ. ಮೊದಲ ಭಾನುವಾರದ ಗೆಲುವು ನನಗೆ ಕೊಡದ ಹೆಮ್ಮೆಯನ್ನು ಈ ಸೋಲು ಕೊಟ್ಟಿತ್ತು. ಇಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಸೋತಿರಲಿಲ್ಲ. ನಾನು ನಿಂತದ್ದು ಎಲೆಯ ಮೇಲಿನ ನಿಷ್ಠೆಯಿಂದಲೋ ಅಕ್ಕನ ಮೇಲಿನ ಭಯದಿಂದಲೋ ಎಂಬ ಸಂಶಯ ಮಾತ್ರ ಕಾಡಿತು. ಮನುಷ್ಯ ಮಾತು ಉಳಿಸಿಕೊಳ್ಳುವಾಗ ಈ ಎರಡನ್ನೂ ಬಿಡಿಸಿ ತೂಗಿ ನೋಡುವುದು ಕಷ್ಟ. ಬಹುಶಃ ಎದುರಿಗಿದ್ದವರು ತಮ್ಮ ಗಡಿಯನ್ನು ಖಾಲಿ ಬಿಟ್ಟು ನಮ್ಮನ್ನು ನಂಬಿದಾಗಲೇ ನಮಗೆ ನಿಷ್ಠೆ ಹುಟ್ಟುತ್ತದೆ. ಅಕ್ಕ ಚಾಪೆ ಸುತ್ತುತ್ತ, “ಪಳನಿಯಿಂದ ಎಷ್ಟ್ ಜನ ಬತ್ತಾರಂತೆ? ಎಲೆ ಎಷ್ಟ್ ಕವಳಿ ಹೇಳ್ಬೇಕು?” ಎಂದು ಕೇಳಿದಳು. ಕವಿತಾ ಬೆರಳು ಮಡಿಸುತ್ತ ಲೆಕ್ಕ ಹೇಳಿದಳು.

ನಿಶ್ಚಿತಾರ್ಥದ ದಿನ ತೇನಿಯ ನಮ್ಮ ಹಜಾರದಲ್ಲಿ ಎರಡು ಕಡೆಯ ಹಿರಿಯರೂ ತುಂಬಿದ್ದರು. ಅಕ್ಕ ತಟ್ಟೆ ಎತ್ತಿಕೊಂಡು ನಿಂತಳು. ರೂಢಿಯ ಮಾತನ್ನು ಹೇಳಿ ಮುಗಿಸುತ್ತಾಳೆಂದು ಎಲ್ಲರೂ ಕಾದಿರುವಾಗ, ಅವಳು ನನ್ನ ಕಡೆಗೊಮ್ಮೆ ನೋಡಿ, ಗಂಡಿನ ತಂದೆಗೆ ಹೇಳಿದಳು:

“ಇದು ನನ್ ತಂಬಿ ಮಾತು. ಎಲೆ ತಿಂದು ಒಂದ್ ದಪ ತಪ್ಪವ್ನೆ, ಒಂದ್ ದಪ ನಿಂತವ್ನೆ. ಎರಡ್ನೂ ನನ್ ಕಣ್ಣಾರೆ ಕಂಡಿವ್ನಿ. ಕಂಡೇ ಹೇಳ್ತಿವ್ನಿ, ಈ ಮಾತ್ಗೆ ನಾನ್ ಜವಾಬು.”

ಗಂಡಿನವರು ಮುಖ ಮುಖ ನೋಡಿಕೊಂಡರು. ಹೆಣ್ಣಿನ ತಂದೆಯ ತಪ್ಪನ್ನು ಹೆಣ್ಣಿನ ಕಡೆಯವರೇ ಸಭೆಯಲ್ಲಿ ಸಾರುವುದನ್ನು ಅವರು ಎಲ್ಲಿಯೂ ಕಂಡಿರಲಾರರು. ನಾನು ತಲೆ ತಗ್ಗಿಸಬೇಕಾಗಿದ್ದ ಗಳಿಗೆ ಅದು. ಆದರೆ ನನ್ನ ಎದೆ ಉಬ್ಬಿತ್ತು. ಕುರುಡು ಪ್ರೀತಿಯಿಂದ ಯಾರು ಬೇಕಾದರೂ ಜಾಮೀನು ನಿಂತಾರು. ನನ್ನ ಅಕ್ಕ ನನ್ನನ್ನು ಪೂರ್ತಿ ತಿಳಿದೇ ನಿಂತಿದ್ದಳು. ಪಳನಿಯ ಹಿರಿಯರು ಎರಡೂ ಕೈ ಚಾಚಿ ಅವಳಿಂದ ತಟ್ಟೆ ತೆಗೆದುಕೊಂಡರು.